ವೀರಪ್ಪನ್ ಸಿಗಲು ಅಷ್ಟು ವರ್ಷ ಯಾಕೆ ಬೇಕಾಯಿತು?

ಪ್ರಶ್ನೆ: ನಾನು ಕೊಳ್ಳೇಗಾಲದ ಕಡೆಯವನು, ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ವೀರಪ್ಪನ್ ಸತ್ತಾಗ ನಾನಿನ್ನೂ ಮಗು. ಮೊನ್ನೆ ಗೆಳೆಯರ ನಡುವೆ ಈ ಮಾತು ಬಂತು. ಎರಡು ರಾಜ್ಯದ ಪೊಲೀಸರು ಸೇರಿ ಒಬ್ಬ ಮನುಷ್ಯನನ್ನು ಹಿಡಿಯಲು ಅಷ್ಟು ವರ್ಷ ಬೇಕಾಯಿತಾ, ಇದರ ಹಿಂದೆ ರಾಜಕೀಯ ಇರಲೇಬೇಕು ಎಂದು ಒಬ್ಬ ಹೇಳಿದ. ಇವತ್ತಾಗಿದ್ದರೆ ಡ್ರೋನ್, ಮೊಬೈಲ್ ಟ್ರ್ಯಾಕಿಂಗ್‌ನಿಂದ ಒಂದು ವಾರದಲ್ಲಿ ಸಿಗುತ್ತಿದ್ದ ಎಂದು ಇನ್ನೊಬ್ಬ. ಊರಲ್ಲಿ ತಾತನನ್ನು ಕೇಳಿದರೆ, 'ಅವರು ಹುಡುಕಿದ್ದು ಅವನನ್ನಲ್ಲ ಕಣಪ್ಪ, ನಮ್ಮನ್ನ' ಎಂದು ಹೇಳಿ ಸುಮ್ಮನಾದರು. ಯಾರ ಮಾತು ನಿಜ? ಅವನನ್ನು ಜೀವಂತ ಹಿಡಿದು ಕೋರ್ಟಿಗೆ ತರಲು ಆಗುತ್ತಿರಲಿಲ್ಲವೇ? ತಾತನ ನೆನಪುಗಳನ್ನು ಬರೆದಿಡಬೇಕು ಅಂತಲೂ ಆಸೆ ಇದೆ. ಏನು ಕೇಳಲಿ?

ಉತ್ತರ: ನಿಮ್ಮ ತಾತನ ಮಾತು ಸತ್ಯಕ್ಕೆ ಎಲ್ಲಕ್ಕಿಂತ ಹತ್ತಿರ ಇದೆ. ಮೊದಲ ಗೆಳೆಯನ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಎರಡನೆಯವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಕ್ರಿಮಿನಲ್ ಕಾನೂನು ಮತ್ತು ತನಿಖೆಯ ವಿಷಯ ಪಾಠ ಮಾಡುವವನು. ತಲೆಮರೆಸಿಕೊಂಡ ಆರೋಪಿಯ ಹುಡುಕಾಟ ಅಂದ ತಕ್ಷಣ ನನ್ನ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಂದೂಕು, ಜೀಪು, ಕಾಡು. ನಿಜವಾಗಿ ಹುಡುಕಾಟ ನಿಂತಿರುವುದು ಒಂದೇ ಒಂದು ಪ್ರಶ್ನೆಯ ಮೇಲೆ. ಅವನು ಎಲ್ಲಿದ್ದಾನೆ ಅಂತ ಗೊತ್ತಿರುವ ಮನುಷ್ಯ ಯಾರ ಹತ್ತಿರ ಬಾಯಿ ಬಿಡುತ್ತಾನೆ? ವೀರಪ್ಪನ್ ವಿಷಯದಲ್ಲಿ ಸುಮಾರು ಹದಿನಾಲ್ಕು ವರ್ಷ ನಡೆದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ. ಪೊಲೀಸರು ಊರನ್ನು ಹೆದರಿಸಿದಾಗಲೆಲ್ಲ ಅವನು ದೂರವಾದ. ಅವನ ಹತ್ತಿರದವರೆಗೆ ತಾಳ್ಮೆಯಿಂದ ಜನರನ್ನು ಸೇರಿಸಿದಾಗ ಸಿಕ್ಕ.

ಮೊದಲು ಜಾಗದ ವಿಷಯ. ಅವನು ಹುಟ್ಟಿದ್ದು 1952ರಲ್ಲಿ, ಗೋಪಿನಾಥಂನಲ್ಲಿ. ಆಗ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, 1956ರಲ್ಲಿ ಮೈಸೂರು ಜಿಲ್ಲೆಗೆ ಸೇರಿತು. ಚಾಮರಾಜನಗರ ಜಿಲ್ಲೆಯಾಗಿದ್ದು 1997ರಲ್ಲಿ, ಹನೂರು ತಾಲ್ಲೂಕು ಅದಕ್ಕೂ ಎಷ್ಟೋ ವರ್ಷದ ನಂತರ. ಅಂದರೆ ಅವನು ಬೆಳೆದ ಕಾಲದಲ್ಲಿ ಗೋಪಿನಾಥಂನವನಿಗೆ ಜಿಲ್ಲಾ ಕೇಂದ್ರ ಅಂದರೆ ಮೈಸೂರು. ತಾಲ್ಲೂಕು ಕಚೇರಿಗೆ ಹೋಗಲೂ ಬೆಟ್ಟ ಹತ್ತಿಳಿಯಬೇಕು. ಸರ್ಕಾರ ಅಂದರೆ ಆಗೊಮ್ಮೆ ಈಗೊಮ್ಮೆ ಕಾಣುವ ಫಾರೆಸ್ಟ್ ಗಾರ್ಡ್, ಅಷ್ಟೇ. ಹೊಗೆನಕಲ್, ಪಾಲಾರ್, ಮಲೆ ಮಹದೇಶ್ವರ ಬೆಟ್ಟ, ಬರಗೂರು, ಸತ್ಯಮಂಗಲ, ತಾಳವಾಡಿ, ಬಿಳಿಗಿರಿರಂಗನ ಬೆಟ್ಟ ಎಲ್ಲ ಸೇರಿದರೆ ಅವನು ಓಡಾಡಿದ ಕಾಡು ಸುಮಾರು 6,000 ಚದರ ಕಿಲೋಮೀಟರ್. ಕರ್ನಾಟಕ, ತಮಿಳುನಾಡು ಎರಡಕ್ಕೂ ಸೇರಿದ್ದು, ಕೇರಳದ ಅಂಚಿಗೂ ತಾಗುವಂಥದ್ದು. ಹೊಳೆ ದಾಟಿದರೆ ಬೇರೆ ರಾಜ್ಯ, ಬೇರೆ ಪೊಲೀಸ್, ಬೇರೆ ವೈರ್‌ಲೆಸ್. ಅವನಿಗೆ ಮಾತ್ರ ಎಲ್ಲ ಒಂದೇ ಕಾಡು.

ಒಳಗೆ ಹೋದರೆ ಲಂಟಾನ ಪೊದೆ. ಆ ಪೊದೆಯ ನಡುವೆ ಹತ್ತು ಹೆಜ್ಜೆ ಆಚೆ ನಿಂತ ಮನುಷ್ಯನೂ ಕಾಣುವುದಿಲ್ಲ. ಕಾಡಿನ ದಾರಿ ಗೊತ್ತಿದ್ದ ಬೇಟೆಗಾರನಿಗೆ ಇದು ಅನುಕೂಲ, ದೂರದ ಊರುಗಳಿಂದ ಡ್ಯೂಟಿಗೆ ಬಂದ ರಿಸರ್ವ್ ಪೊಲೀಸಿನವನಿಗೆ ಕಷ್ಟ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಾಡೊಂದೇ ಯಾರನ್ನೂ ವರ್ಷಗಟ್ಟಲೆ ಬಚ್ಚಿಡುವುದಿಲ್ಲ. ಕಾಡಿನಲ್ಲಿ ಅಕ್ಕಿ ಬೆಳೆಯುವುದಿಲ್ಲ, ಉಪ್ಪು ಸಿಗುವುದಿಲ್ಲ, ಗುಂಡು, ಬೆಂಕಿಪೊಟ್ಟಣ, ಮಾತ್ರೆ ಸಿಗುವುದಿಲ್ಲ. ಎಲ್ಲವೂ ಊರಿಂದಲೇ ಹೋಗಬೇಕು. ಹಾಗಾಗಿ ಊರಿಗೆ ಯಾವಾಗಲೂ ಗೊತ್ತಿತ್ತು.

ಊರು ಯಾಕೆ ಹೇಳಲಿಲ್ಲ? ಇದಕ್ಕೆ ಎರಡು ಕಾರಣ. ಒಂದು ಹೊಟ್ಟೆಪಾಡು. ಅವನು ಮೊದಲು ಆನೆ ದಂತದ ಬೇಟೆಗಾರ, ಆಮೇಲೆ ಗಂಧದ ಮರಕ್ಕೆ ಇಳಿದ. ಮರ ಕಡಿಯಲು, ತೊಗಟೆ ಕೆತ್ತಲು, ಹೊರಲು ನೂರಾರು ಕೈ ಬೇಕು. ಬೇರೆ ಕೂಲಿ ಇಲ್ಲದ ಊರುಗಳಲ್ಲಿ ಅವನು ಕೂಲಿ ಕೊಟ್ಟ. ಎಷ್ಟೋ ಮನೆಗಳು ಅವನಿಗೆ ನೆಂಟರೂ ಹೌದು. ಎರಡನೆಯ ಕಾರಣ ಭಯ. ಪೊಲೀಸರಿಗೆ ಸುದ್ದಿ ಕೊಟ್ಟರು ಎಂಬ ಅನುಮಾನ ಬಂದರೆ ಸಾಕು, ಅವನು ಕೊಲ್ಲುತ್ತಿದ್ದ. ನೂರಕ್ಕೂ ಹೆಚ್ಚು ಜನರ ಸಾವಿನ ಆರೋಪ ಅವನ ಮೇಲಿತ್ತು. ಅದರಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿ ಜೊತೆಗೆ ಇಂಥ ಬಡ ಹಳ್ಳಿಯವರೂ ಇದ್ದಾರೆ. ಅವನನ್ನು ರಾಬಿನ್‌ಹುಡ್ ಮಾಡಿ ಮಾತಾಡುವವರಿಗೆ ನಾನು ಯಾವಾಗಲೂ ಈ ಸತ್ತವರನ್ನು ನೆನಪಿಸುತ್ತೇನೆ. ಅವರ ಹೆಸರು ಯಾವ ಪೇಪರಿನ ಮುಖಪುಟದಲ್ಲೂ ಬರಲಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1986ರಲ್ಲೇ ಅವನು ಒಮ್ಮೆ ಸೆರೆ ಸಿಕ್ಕಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಇಟ್ಟಿದ್ದರು, ಅಲ್ಲಿಂದ ತಪ್ಪಿಸಿಕೊಂಡ. ಆಗ ಅವನು ಬರೀ ಒಬ್ಬ ಆನೆ ಬೇಟೆಗಾರ, ಅರಣ್ಯ ಇಲಾಖೆಯ ತಲೆನೋವು. ಪೊಲೀಸರ ದೊಡ್ಡ ಫೈಲಿಗೆ ಅವನ ಹೆಸರು ಬರಬೇಕಾದರೆ ಮನುಷ್ಯರು ಸಾಯಬೇಕಾಯಿತು. 1990ರಲ್ಲಿ ಹೊಗೆನಕಲ್ ಹತ್ತಿರ ಕರ್ನಾಟಕದ ಪೊಲೀಸರನ್ನು ಹೊಂಚು ಹಾಕಿ ಕೊಂದ ಮೇಲೆ ವಿಶೇಷ ಕಾರ್ಯಪಡೆ ಅಂದರೆ ಎಸ್‌ಟಿಎಫ್ ಹುಟ್ಟಿತು. ಆನೆಗಳು ಸಾಯುತ್ತಿದ್ದ ಆ ವರ್ಷಗಳಲ್ಲೇ ಹುಡುಕಾಟ ಗಂಭೀರವಾಗಿ ಶುರುವಾಗಿದ್ದರೆ ಮುಂದಿನ ಕಥೆಯೇ ಬೇರೆ ಆಗುತ್ತಿತ್ತು ಎಂದು ನನಗೆ ಖಂಡಿತ ಅನ್ನಿಸುತ್ತದೆ.

ಈಗ ಪಿ. ಶ್ರೀನಿವಾಸ್ ಬಗ್ಗೆ ಹೇಳಬೇಕು. ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇವರ ಕೆಲಸದಲ್ಲೇ ಇದೆ. ಇವರು ರಾಜಮಂಡ್ರಿ ಕಡೆಯಿಂದ ಬಂದ ಐಎಫ್‌ಎಸ್ ಅಂದರೆ ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ಕಾಡಿನೊಳಗೆ ಬಂದೂಕು ಹಿಡಿದು ನುಗ್ಗುವುದಕ್ಕಿಂತ ಗೋಪಿನಾಥಂಗೇ ಹೋಗಿ ಕೂರುವುದು ಒಳ್ಳೆಯದು ಎಂದುಕೊಂಡರು. ಆ ಊರಿನ ಜನರ ಕಾಯಿಲೆ ಕಸಾಲೆ ನೋಡಲು ಔಷಧಿ ತರಿಸಿದರು. ಮಾರಿಯಮ್ಮನ ಗುಡಿ ಕಟ್ಟಿಸಲು ನಿಂತರು. ಕಾಡಿಗೆ ಹೋದ ಹುಡುಗರ ಮನೆಯವರ ಜೊತೆ ಮಾತಾಡಿದರು. ವೀರಪ್ಪನ್ ಗುಂಪಿನ ಹಲವರು ಇವರ ಮಾತು ನಂಬಿ ಶರಣಾದರು. ಎಸ್‌ಟಿಎಫ್‌ನ ಕೂಂಬಿಂಗ್, ಅಂದರೆ ಕಾಡು ಜಾಲಾಡುವ ಕಾರ್ಯಾಚರಣೆ, ಮಾಡಲಾಗದ ಕೆಲಸವನ್ನು ಒಬ್ಬ ಮನುಷ್ಯ ಊರಲ್ಲಿ ಕೂತು ಮಾಡುತ್ತಿದ್ದರು.

ವೀರಪ್ಪನ್‌ಗೆ ಇದರ ಅಪಾಯ ಚೆನ್ನಾಗಿ ಅರ್ಥವಾಯಿತು. ತಾನೇ ಶರಣಾಗುತ್ತೇನೆ, ನಿರಾಯುಧವಾಗಿ ಬನ್ನಿ ಎಂದು ತಮ್ಮ ಅರ್ಜುನನ ಮೂಲಕ ಹೇಳಿಕಳಿಸಿದ. 1991ರ ನವೆಂಬರ್ 10ರಂದು ಶ್ರೀನಿವಾಸ್ ಹಾಗೇ ಹೋದರು. ಅಲ್ಲಿ ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದರು. ಸರ್ಕಾರ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಕೊಟ್ಟಿತು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ವೀರಪ್ಪನ್‌ನ ಹುಟ್ಟೂರಿನ ಆ ಗುಡಿಯಲ್ಲಿ ಶ್ರೀನಿವಾಸ್ ಅವರ ಫೋಟೋ ಇಟ್ಟಿದ್ದಾರೆ. ನೆಂಟನೇ ಕೊಂದ ಅಧಿಕಾರಿಯ ಫೋಟೋವನ್ನು ಊರು ಸುಮ್ನೆ ಇಟ್ಟುಕೊಳ್ಳುತ್ತದಾ?

ಶ್ರೀನಿವಾಸ್ ಸತ್ತ ಮೇಲೆ ಇಲಾಖೆಗಳು ಕಲಿತ ಪಾಠ ತಪ್ಪು ಪಾಠ. ಮೃದುವಾಗಿ ಹೋದವರು ಸತ್ತರು, ಇನ್ನು ಬಿಗಿ ಮಾಡಬೇಕು ಎಂದುಕೊಂಡರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮುಂದಿನ ವರ್ಷ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿದ ಗುಂಪು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ಯಿತು. 1992ರ ಆಗಸ್ಟ್ 14ರಂದು ಎಸ್‌ಪಿ ಟಿ. ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ತಮ್ಮ ಸಿಬ್ಬಂದಿ ಜೊತೆ ಮೀಣ್ಯಂ ಹತ್ತಿರ ಹೊಂಚುದಾಳಿಗೆ ಸಿಕ್ಕರು. ಸುದ್ದಿ ನಂಬಿ ಹೊರಟಿದ್ದರು, ಆದರೆ ಆ ಸುದ್ದಿ ವೀರಪ್ಪನ್‌ಗೆ ಮೊದಲೇ ತಲುಪಿತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಅದರಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿ ಇದ್ದರು. ದಾರಿ ತೋರಿಸಲು, ಸುದ್ದಿ ಕೊಡಲು ಬಂದಿದ್ದ ಸ್ಥಳೀಯರೂ ಇದ್ದರು. ಪೊಲೀಸರ ಜೀಪು ಹತ್ತಿದರೆ ಏನಾಗುತ್ತದೆ ಎಂದು ಸುತ್ತಲ ಹಳ್ಳಿಗಳಿಗೆ ಅವತ್ತು ಗೊತ್ತಾಯಿತು.

ಪಾಲಾರ್ ಆದ ಮೇಲೆ ಬಿಎಸ್‌ಎಫ್ ಬಂತು. ಅವರು ಗಡಿ ಕಾಯುವವರು. ಅವರಲ್ಲಿ ಹೆಚ್ಚಿನವರಿಗೆ ಕನ್ನಡವೂ ಬರದು, ತಮಿಳೂ ಬರದು. ಸೋಲಿಗರ ಹಾಡಿಯಲ್ಲಿ ನಿಂತು ಅವರು ಯಾರನ್ನು ಏನು ಕೇಳಬೇಕು? ಎರಡೂ ರಾಜ್ಯದ ಕಾರ್ಯಪಡೆಗಳು ಒಟ್ಟಾಗಿ ಕೆಲಸ ಶುರು ಮಾಡಿದವು. ತಮಿಳುನಾಡಿನ ಕಡೆ ವಾಲ್ಟರ್ ದೇವಾರಂ, ನಮ್ಮ ಕಡೆ ಶಂಕರ್ ಬಿದರಿ. ಒತ್ತಡದಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೂರಕ್ಕೂ ಮೀರಿದ್ದ ಗುಂಪು ಕೆಲವೇ ವರ್ಷಗಳಲ್ಲಿ ಕರಗಿತು. ಕೆಲವರು ಗುಂಡಿಗೆ ಸತ್ತರು, ಕೆಲವರು ಸಿಕ್ಕಿಬಿದ್ದರು, ಕೆಲವರು ಶರಣಾದರು. ಆದರೆ ಇಲ್ಲಿ ಒಂದು ತಿರುವು ಇದೆ. ಗುಂಪು ಚಿಕ್ಕದಾದಷ್ಟೂ ಹುಡುಕುವುದು ಕಷ್ಟವಾಯಿತು. ನೂರು ಜನರಿಗೆ ಮೂಟೆಗಟ್ಟಲೆ ಅಕ್ಕಿ ಬೇಕು, ಮೂಟೆ ಹೋದ ದಾರಿ ಹಿಡಿಯಬಹುದು. ಐದಾರು ಜನಕ್ಕೆ ಒಬ್ಬ ಹೆಂಗಸು ಸೊಪ್ಪಿಗೆ ಅಂತ ಕಾಡಿಗೆ ಹೋಗುವಾಗ ಮಡಿಲಲ್ಲಿ ಒಯ್ದರೂ ಸಾಕು.

ಈ ಹಂತದಲ್ಲಿ ನಿಮ್ಮ ತಾತನ ಮಾತು ಬರುತ್ತದೆ. ಆ ಅಕ್ಕಿ ಯಾರು ಕೊಟ್ಟರು ಎಂದು ಪತ್ತೆಹಚ್ಚಲು ಊರನ್ನೇ ವಿಚಾರಣೆಗೆ ಎಳೆದರು. ಮಹದೇಶ್ವರ ಬೆಟ್ಟದಲ್ಲಿ ವರ್ಕ್‌ಶಾಪ್ ಎಂದು ಕರೆಯುತ್ತಿದ್ದ ಒಂದು ಜಾಗ ಇತ್ತು. ಅಲ್ಲಿ ಕೂಡಿಹಾಕಿ ಹೊಡೆದರು, ಕರೆಂಟ್ ಶಾಕ್ ಕೊಟ್ಟರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು ಎಂದು ಎರಡೂ ರಾಜ್ಯದ ಹಳ್ಳಿಗರು ದೂರಿದರು. ಅಧಿಕಾರಿಗಳು ಇದನ್ನು ಅಲ್ಲಗಳೆದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರು. ಹೇಳಿದ್ದೆಲ್ಲವೂ ಸಾಬೀತಾಗಲಿಲ್ಲ. ವರ್ಷಗಳು ಕಳೆದ ಮೇಲೆ ಗಾಯದ ಗುರುತು, ಆಸ್ಪತ್ರೆ ಚೀಟಿ ಎಲ್ಲಿ ಸಿಗಬೇಕು? ಆದರೂ ಕೊನೆಗೆ 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದಿತು.

ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯ ಕಥೆಯೂ ಹೀಗೇ. 1993ರ ಸುಮಾರಿಗೆ ನೂರಕ್ಕೂ ಹೆಚ್ಚು ಜನರನ್ನು ಆ ಕಾಯ್ದೆಯಡಿ ಒಳಗೆ ಹಾಕಿದರು. ಅದರಲ್ಲಿ ಜಾಮೀನು ಸಿಗುವುದು ಬಹಳ ಕಷ್ಟ. ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದಿದ್ದು 2001ರಲ್ಲಿ. ಬಹುಪಾಲು ಜನ ಖುಲಾಸೆಯಾದರು. ಅಷ್ಟರಲ್ಲಿ ಕೆಲವರಿಗೆ ಜೈಲಿನಲ್ಲೇ ಎಂಟು ವರ್ಷ ಆಗಿತ್ತು. ಶಿಕ್ಷೆಯಾದವರಲ್ಲಿ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತಿದ್ದರಿಂದ ಅದೇ ಕೋರ್ಟ್ 2014ರಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು.

ಇದು ಅನ್ಯಾಯ ಎನ್ನುವುದು ಒಂದು ಮಾತು. ನಾನು ತನಿಖೆ ಕಲಿಸುವವನಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಇದು ಕೆಟ್ಟ ಪೊಲೀಸ್ ಕೆಲಸವೂ ಹೌದು. ಹೊಡೆತ ತಿಂದವನು ಹೊಡೆತ ನಿಲ್ಲಿಸಲು ಏನು ಬೇಕಾದರೂ ಹೇಳುತ್ತಾನೆ. ಆ ಸುಳ್ಳಿನ ಹಿಂದೆ ಒಂದು ತುಕಡಿ ಮೂರು ದಿನ ಕಾಡು ಅಲೆಯುತ್ತದೆ. ಅತ್ತ ಅವನ ತಮ್ಮನೋ ಮಗನೋ ಪೊಲೀಸರಿಗೆ ಎಂದೂ ಬಾಯಿ ಬಿಡಬಾರದು ಎಂದು ತೀರ್ಮಾನಿಸುತ್ತಾನೆ. ಶ್ರೀನಿವಾಸ್ ಕಷ್ಟಪಟ್ಟು ತೆರೆದ ಬಾಗಿಲುಗಳು ಹೀಗೆ ಒಂದೊಂದಾಗಿ ಮುಚ್ಚಿದವು. ಒಂದು ಕಡೆ ವೀರಪ್ಪನ್, ಇನ್ನೊಂದು ಕಡೆ ಪೊಲೀಸ್, ನಡುವೆ ಊರು. ಹೇಳಿದರೂ ಸಾವು, ಹೇಳದಿದ್ದರೂ ಏಟು. ಅಂಥ ಕಡೆ ಮೌನವೇ ಕಡಿಮೆ ಅಪಾಯದ ದಾರಿ ಆಗುತ್ತದೆ, ಅಲ್ವಾ?

ಇನ್ನು ರಾಜಕೀಯ. ಅಪಹರಣಗಳನ್ನು ನೋಡಿದರೆ ನಿಮ್ಮ ಗೆಳೆಯನ ಮಾತಿಗೆ ಸ್ವಲ್ಪ ಬಲ ಸಿಗುತ್ತದೆ. ಗುಂಪು ಸೊರಗಿದ ಮೇಲೆ ವೀರಪ್ಪನ್ ಒತ್ತೆಯಾಳು ಹಿಡಿಯುವ ದಾರಿಗೆ ಬಂದ. 1997ರಲ್ಲಿ ಅರಣ್ಯ ಸಿಬ್ಬಂದಿಯನ್ನು, ಅದೇ ವರ್ಷದ ಅಕ್ಟೋಬರ್‌ನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿ ಅವರನ್ನು ಹಿಡಿದೊಯ್ದು ಎರಡು ವಾರ ಇಟ್ಟುಕೊಂಡ. ಇವೆಲ್ಲ ತಾಲೀಮು ಇದ್ದ ಹಾಗೆ. 2000ದ ಜುಲೈ 30ರ ರಾತ್ರಿ ತಾಳವಾಡಿ ಹತ್ತಿರದ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಕರೆದೊಯ್ದ. 108 ದಿನ. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಆ ದಿನಗಳಲ್ಲಿ ಬೆಂಗಳೂರು ಹೇಗಿತ್ತು ಎಂದು ಹೇಳುತ್ತಾರೆ.

ಆ ಮೂರೂವರೆ ತಿಂಗಳು ಹುಡುಕಾಟ ನಿಂತೇ ಹೋಯಿತು. ಒತ್ತೆಯಾಳು ಒಳಗಿರುವಾಗ ಕೂಂಬಿಂಗ್ ಮಾಡುವ ಹಾಗಿಲ್ಲ. ಅಣ್ಣಾವ್ರಿಗೆ ಏನಾದರೂ ಆದರೆ ಎರಡು ಭಾಷೆಯ ಜನ ಬೀದಿಯಲ್ಲಿ ಏನಾಗುತ್ತಾರೋ ಎಂಬ ಹೆದರಿಕೆ ಎರಡೂ ಮುಖ್ಯಮಂತ್ರಿಗಳಿಗೆ ಇತ್ತು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಕಾವೇರಿ ಇತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಇತ್ತು, ಟಾಡಾ ಕೈದಿಗಳ ಬಿಡುಗಡೆ ಇತ್ತು. ಎಸ್‌ಟಿಎಫ್‌ನಿಂದ ನೊಂದ ಹಳ್ಳಿಗರಿಗೆ ಪರಿಹಾರವೂ ಇತ್ತು. ನೋಡಿ, ವರ್ಕ್‌ಶಾಪಿನಲ್ಲಿ ಆಗಿದ್ದು ಅವನ ಕೈಗೆ ಎಂಥ ಅಸ್ತ್ರ ಕೊಟ್ಟಿತ್ತು! ಹಳ್ಳಿಗರನ್ನು ಕೊಂದ ಮನುಷ್ಯನೇ ಹಳ್ಳಿಗರ ಪರ ಮಾತಾಡುವಂತಾಯಿತು.

ನಮ್ಮ ಸರ್ಕಾರ ಟಾಡಾ ಆರೋಪಗಳನ್ನು ವಾಪಸ್ ತೆಗೆದುಕೊಳ್ಳಲು ಮುಂದಾಯಿತು. ವಿಶೇಷ ನ್ಯಾಯಾಲಯ ಒಪ್ಪಿಯೂ ಬಿಟ್ಟಿತ್ತು. ಅದನ್ನು ತಡೆದದ್ದು ಒಬ್ಬ ತಂದೆ. ಮೀಣ್ಯಂನಲ್ಲಿ ಸತ್ತ ಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು, ಕೇಸು ವಾಪಸ್ ಪಡೆಯುವುದನ್ನು ರದ್ದು ಮಾಡಿತು. ಇಡೀ ನಾಡು ರಾಜ್‌ಕುಮಾರ್ ಬಿಡುಗಡೆಗೆ ಕಾಯುತ್ತಿದ್ದಾಗ ಹೀಗೊಂದು ಅರ್ಜಿ ಹಾಕಲು ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ. ಅದಾಗಿ ಎಂಟೇ ದಿನಕ್ಕೆ, ನವೆಂಬರ್ 15ರಂದು, ಕೈದಿಗಳು ಬಿಡುಗಡೆಯಾಗದೆಯೇ ರಾಜ್‌ಕುಮಾರ್ ಹೊರಗೆ ಬಂದರು.

ಎರಡು ವರ್ಷದ ನಂತರ ಮಾಜಿ ಸಚಿವ ಎಚ್. ನಾಗಪ್ಪ ಅವರಿಗೆ ಈ ಅದೃಷ್ಟ ಇರಲಿಲ್ಲ. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಅವರನ್ನು ಹೊತ್ತೊಯ್ದರು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಶವ ಸಿಕ್ಕಿತು.

ಹಾಗಾದರೆ 2004ರಲ್ಲಿ ಏನು ಬದಲಾಯಿತು? ತಮಿಳುನಾಡು ಕಾರ್ಯಪಡೆಯ ಹೊಣೆ ಕೆ. ವಿಜಯ್ ಕುಮಾರ್ ಅವರಿಗೆ ಬಂದಿತ್ತು. ಗುಪ್ತ ಮಾಹಿತಿಯ ಕೆಲಸ ಎಸ್‌ಪಿ ಸೆಂದಾಮರೈ ಕಣ್ಣನ್ ನೋಡುತ್ತಿದ್ದರು. ಕಾಡಿನೊಳಗೆ ಅವನನ್ನು ಹುಡುಕುವುದನ್ನು ಬಿಟ್ಟು ಅವನೇ ಹೊರಗೆ ಬರುವ ಹಾಗೆ ಮಾಡುವುದು ಇವರ ಯೋಚನೆ. ಪೊಲೀಸರು ಮಫ್ತಿಯಲ್ಲಿ ಗಾರೆ ಕೆಲಸದವರಾಗಿ, ಬಸ್ ಕಂಡಕ್ಟರ್‌ಗಳಾಗಿ, ತಳ್ಳುಗಾಡಿ ವ್ಯಾಪಾರಿಗಳಾಗಿ ಆ ಊರುಗಳಲ್ಲಿ ಸೇರಿಕೊಂಡರು. ತಿಂಗಳುಗಟ್ಟಲೆ ಅಲ್ಲೇ ಇದ್ದರು. ಯಾರನ್ನೂ ಹೊಡೆಯಲಿಲ್ಲ, ಕೇಳುತ್ತಾ ಕೂತರು. ನಿಧಾನವಾಗಿ ಅವನಿಗೆ ಸುದ್ದಿ, ಸಾಮಾನು ಮುಟ್ಟಿಸುತ್ತಿದ್ದ ದಾರಿಯೊಳಗೇ ತಮ್ಮ ಜನ ಸೇರುವಂತೆ ಮಾಡಿದರು.

ಅಷ್ಟರಲ್ಲಿ ಅವನಿಗೆ ಐವತ್ತೆರಡು ವರ್ಷ. ಜೊತೆಗೆ ಮೂವರೇ. ಕಣ್ಣಿಗೆ ಪೊರೆ ಬಂದಿತ್ತು, ಚಿಕಿತ್ಸೆ ಬೇಕಾಗಿತ್ತು. ಬೇಟೆಗಾರನಿಗೆ ಕಣ್ಣೇ ಹೋದರೆ ಇನ್ನೇನು ಉಳಿಯಿತು? ಆಸ್ಪತ್ರೆಗೆ ಕರೆದೊಯ್ಯಲು ಆಂಬ್ಯುಲೆನ್ಸ್ ಬರುತ್ತದೆ ಎಂದು ನಂಬಿಸಿದರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರದ ಪಾಡಿಯಲ್ಲಿ ಆ ಆಂಬ್ಯುಲೆನ್ಸನ್ನು ದಾರಿಗೆ ಅಡ್ಡ ನಿಲ್ಲಿಸಿದ ಲಾರಿ ತಡೆಯಿತು. ಓಡಿಸುತ್ತಿದ್ದವನೂ ಪೊಲೀಸ್. ಅವನು ಇಳಿದು ಓಡಿದ. ಶರಣಾಗಿ ಎಂದು ಕೂಗಿದೆವು, ಒಳಗಿಂದ ಗುಂಡು ಬಂತು, ನಾವೂ ಹಾರಿಸಿದೆವು ಎನ್ನುವುದು ಪೊಲೀಸರ ಹೇಳಿಕೆ. ವೀರಪ್ಪನ್, ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ನಾಲ್ವರೂ ಸತ್ತರು. ಈ ವಿವರಣೆಯನ್ನು ಪ್ರಶ್ನಿಸಿದ ಮಾನವ ಹಕ್ಕು ಸಂಘಟನೆಗಳೂ ಇವೆ.

ಈಗ ಡ್ರೋನ್ ವಿಷಯ. ಅವನು ಫೋನಿನಲ್ಲಿ ಮಾತಾಡಿ ಸಿಕ್ಕಿಬೀಳುವ ಮನುಷ್ಯ ಅಲ್ಲ. ಸರ್ಕಾರಕ್ಕೆ ಹೇಳಬೇಕಾದ್ದನ್ನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಜನರ ಕೈಯಲ್ಲಿ ಕಳಿಸುತ್ತಿದ್ದ. ಟವರ್ ಲೊಕೇಷನ್ ಬೇಕಾದರೆ ಮೊದಲು ಫೋನ್ ಇರಬೇಕಲ್ಲ? ಶಾಖ ಹಿಡಿಯುವ ಕ್ಯಾಮೆರಾ ದಟ್ಟ ಮರದ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಳಗೆ ಕಾಣುವ ಬಿಸಿ ಮೈ ಮನುಷ್ಯನದೋ, ಕಡವೆಯದೋ, ದನ ಮೇಯಿಸುವವನದೋ ಹೇಳುವವರು ಯಾರು? ಅಮೆರಿಕದಲ್ಲಿ ಎರಿಕ್ ರುಡಾಲ್ಫ್ ಎಂಬವನಿದ್ದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆ ಬಾಂಬ್ ಇಟ್ಟವನು. 1998ರಲ್ಲಿ ನಾರ್ತ್ ಕೆರೊಲಿನಾದ ಕಾಡಿಗೆ ಹೊಕ್ಕ. ಎಫ್‌ಬಿಐ ಹೆಲಿಕಾಪ್ಟರ್, ನಾಯಿ, ಹತ್ತು ಲಕ್ಷ ಡಾಲರ್ ಬಹುಮಾನ ಎಲ್ಲವನ್ನೂ ಹೂಡಿತು. ಐದು ವರ್ಷದ ನಂತರ ಮರ್ಫಿ ಎಂಬ ಸಣ್ಣ ಊರಿನಲ್ಲಿ ಅಂಗಡಿಯ ಹಿಂದೆ ಕಸದ ತೊಟ್ಟಿಯ ಹತ್ತಿರ ಹೊಸದಾಗಿ ಕೆಲಸಕ್ಕೆ ಸೇರಿದ್ದ ಪೊಲೀಸೊಬ್ಬರ ಕೈಗೆ ಸಿಕ್ಕ. ಸಿಸಿಲಿಯ ಮಾಫಿಯಾ ನಾಯಕ ಬರ್ನಾರ್ದೊ ಪ್ರೊವೆಂಜಾನೊ 43 ವರ್ಷ ತಪ್ಪಿಸಿಕೊಂಡಿದ್ದ. ಫೋನ್ ಮುಟ್ಟುತ್ತಿರಲಿಲ್ಲ, ಚೀಟಿ ಬರೆದು ಕಳಿಸುತ್ತಿದ್ದ. 2006ರಲ್ಲಿ ಮನೆಯಿಂದ ಅವನಿಗೆ ಹೋಗುತ್ತಿದ್ದ ಒಗೆದ ಬಟ್ಟೆಯ ಗಂಟನ್ನು ಹಿಂಬಾಲಿಸಿ ಹಿಡಿದರು. ಅಡಗಿರುವುದು ಸ್ವಂತ ಊರು ಕೊರ್ಲಿಯೊನೆಯ ಪಕ್ಕದಲ್ಲೇ!

ಒಂದು ಮಾತು ಒಪ್ಪುತ್ತೇನೆ. ಇವತ್ತಿನ ಕಾಡು ಆಗಿನ ಕಾಡಲ್ಲ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಆಗಿದೆ, ಮಲೆ ಮಹದೇಶ್ವರ ವನ್ಯಧಾಮವೂ 2013ರಲ್ಲಿ ಆಯಿತು. ಹುಲಿ ಎಣಿಸಲು ಕಟ್ಟಿದ ಕ್ಯಾಮೆರಾ ಮನುಷ್ಯನನ್ನೂ ಹಿಡಿಯುತ್ತದೆ. ಹಾದಿ ಹಾದಿಯಲ್ಲಿ ಫಾರೆಸ್ಟ್‌ನವರ ಕ್ಯಾಂಪುಗಳಿವೆ. ನೂರು ಜನರ ಗುಂಪು ಕಟ್ಟಿಕೊಂಡು ಗಂಧ ಸಾಗಿಸುವುದು ಈಗ ಆಗದ ಮಾತು. ಅಂದರೆ ಇನ್ನೊಬ್ಬ ವೀರಪ್ಪನ್ ಬೆಳೆಯುವುದು ಕಷ್ಟ. ಬೆಳೆದು ನಿಂತವನು ನಾಲ್ಕು ಜನರ ಜೊತೆ ಅಡಗಿದರೆ ಈಗಲೂ ಊರಿನವರು ಹೇಳದೆ ಸಿಗುವುದಿಲ್ಲ.

ಜೀವಂತ ಹಿಡಿಯಬಹುದಿತ್ತೇ? ಕಾನೂನು ಏನನ್ನುತ್ತದೆ ಎಂದು ಮೊದಲು ಹೇಳುತ್ತೇನೆ. ಬಂಧನಕ್ಕೆ ಎದುರು ನಿಂತವನ ಮೇಲೆ ಬೇಕಾದ ಬಲ ಬಳಸಬಹುದು. ಸಾವು ತರುವಷ್ಟು ಬಲ ಬಳಸಬೇಕಾದರೆ ಅವನ ಮೇಲೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗುವಂಥ ಆರೋಪ ಇರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಸೆಕ್ಷನ್, ಅದರ ಬದಲಿಗೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನ 43ನೇ ಸೆಕ್ಷನ್ ಇದನ್ನೇ ಹೇಳುತ್ತವೆ. ವೀರಪ್ಪನ್ ಮೇಲೆ ಅಂಥ ಆರೋಪಗಳು ಬೇಕಾದಷ್ಟಿದ್ದವು. ಆದರೆ ಇದು ಕೊಲ್ಲಲು ಕೊಟ್ಟ ಅನುಮತಿ ಅಲ್ಲ, ಬಂಧಿಸಲು ಬೇರೆ ದಾರಿ ಇಲ್ಲದಾಗಿನ ಮಾತು. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ ಕಟ್ಟುನಿಟ್ಟಿನ ನಿಯಮ ಹಾಕಿತು. ಸ್ವತಂತ್ರ ತನಿಖೆ ಆಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು. 2004ರಲ್ಲಿ ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ಬಡ್ತಿ, ನಿವೇಶನ, ನಗದು ಎಲ್ಲವನ್ನೂ ತಕ್ಷಣವೇ ಘೋಷಿಸಿತ್ತು. ಈಗಾಗಿದ್ದರೆ ಹಾಗೆ ಮಾಡುವಂತಿಲ್ಲ.

ಅವನು ಕೋರ್ಟಿಗೆ ಬರಬೇಕಾಗಿತ್ತು ಎಂದು ನಾನು ಬಯಸುವುದು ಅವನ ಮೇಲಿನ ಕರುಣೆಯಿಂದಲ್ಲ. ಆರೋಪಿ ಸತ್ತರೆ ಅವನ ಮೇಲಿನ ಕೇಸು ಅಲ್ಲಿಗೇ ಮುಗಿಯುತ್ತದೆ. ದಂತ ಕೊಂಡವರು ಯಾರು? ಗಂಧದ ಲಾರಿಗಳು ಯಾವ ಚೆಕ್‌ಪೋಸ್ಟ್ ದಾಟಿ ಹೋದವು? ಒತ್ತೆಯಾಳುಗಳ ಬಿಡುಗಡೆಯಲ್ಲಿ ಯಾರಿಂದ ಯಾರಿಗೆ ಏನು ಸಂದಿತು? ಇಂಥ ಪ್ರಶ್ನೆಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಅವಕಾಶವೇ ಹೋಯಿತು. ರಾಜಕೀಯ ಇರಲೇಬೇಕು ಎಂದು ನಿಮ್ಮ ಗೆಳೆಯ ಇಂದಿಗೂ ಅನುಮಾನಪಡಲು ಇದೇ ಕಾರಣ. ಅವನ ಅನುಮಾನವನ್ನು ಸಾಬೀತು ಮಾಡಲೂ ಆಗದು, ತಳ್ಳಿಹಾಕಲೂ ಆಗದು. ಇನ್ನೊಂದು ಬದಲಾವಣೆ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 356ನೇ ಸೆಕ್ಷನ್ ಪ್ರಕಾರ, ಘೋಷಿತ ಅಪರಾಧಿ ಎಂದು ಕೋರ್ಟ್ ಸಾರಿದವನು ತಪ್ಪಿಸಿಕೊಂಡೇ ಇದ್ದರೂ ಕೆಲವು ಷರತ್ತುಗಳ ಮೇಲೆ ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ಆಗ ಇದು ಇದ್ದಿದ್ದರೆ ಪಾಲಾರ್, ಮೀಣ್ಯಂ ಕೇಸುಗಳಲ್ಲಿ ಅವನ ಪಾತ್ರದ ಬಗ್ಗೆ ಸಾಕ್ಷಿಗಳು ಬದುಕಿದ್ದಾಗಲೇ ತೀರ್ಪು ಬರಬಹುದಿತ್ತು.

ಕೊನೆಗೆ ತಾತನನ್ನು ಏನು ಕೇಳಬೇಕು ಎಂಬ ಪ್ರಶ್ನೆ. 'ವೀರಪ್ಪನ್ ಹೇಗಿದ್ದ' ಎಂದು ಶುರು ಮಾಡಬೇಡಿ. ಹಾಗೆ ಕೇಳಿದರೆ ಎಲ್ಲರೂ ಹೇಳುವ ಮೀಸೆಯ ಕಥೆಯೇ ಬರುತ್ತದೆ. ದಿನದ ಬದುಕಿನ ಪ್ರಶ್ನೆ ಕೇಳಿ. ಅಂಗಡಿಯಲ್ಲಿ ಅಕ್ಕಿ ಕೊಳ್ಳಲು ಯಾರಾದರೂ ಲೆಕ್ಕ ಕೇಳುತ್ತಿದ್ದರಾ? ದನ ಮೇಯಿಸಲು ಎಲ್ಲಿಯವರೆಗೆ ಹೋಗಬಹುದಿತ್ತು? ಕತ್ತಲಾದ ಮೇಲೆ ಬಾಗಿಲು ತಟ್ಟಿದರೆ ಯಾರು ತೆಗೆಯುತ್ತಿದ್ದರು? ಊರಿನಿಂದ ಯಾರನ್ನು ಕರೆದೊಯ್ದರು, ಯಾರು ವಾಪಸ್ ಬಂದರು, ಎಷ್ಟು ದಿನಕ್ಕೆ? ದಿನಾಂಕ ನೆನಪಿಲ್ಲದಿದ್ದರೆ ಹಬ್ಬ, ಮಳೆ, ಮದುವೆಯ ಲೆಕ್ಕದಲ್ಲಿ ಕೇಳಿ. ಅವರು ಸುಮ್ಮನಾದರೆ ಅವತ್ತಿಗೆ ಬಿಟ್ಟುಬಿಡಿ, ಮತ್ತೊಮ್ಮೆ ಹೋಗಿ. ಹೇಳಿದ್ದನ್ನು ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಪಡೆದೇ ಮಾಡಿ. ಬೇರೆಯವರ ಹೆಸರು ಬಂದ ಕಡೆ, ಅವರು ಅಥವಾ ಅವರ ಮನೆಯವರು ಇನ್ನೂ ಅದೇ ಊರಿನಲ್ಲಿದ್ದರೆ, ಹೆಸರನ್ನು ಹೊರಗೆ ಬಿಡಬೇಡಿ. ಅಲ್ಲಿ ಯಾರು ಯಾರಿಗೆ ಸುದ್ದಿ ಕೊಟ್ಟರು ಎಂಬ ಅನುಮಾನ ಕೆಲವು ಮನೆಗಳ ನಡುವೆ ಇನ್ನೂ ಹಾಗೇ ಇದೆ.